ಬೋರಾ ಬಜಾರಿನ 1,400 ರೂಪಾಯಿ ಕ್ಯಾಮೆರಾ

ಗೋರೆಗಾಂವಿನ ಹಳೆಯ ಕಟ್ಟಡಕ್ಕೆ ರೀಡೆವಲಪ್‌ಮೆಂಟ್ ನೋಟಿಸು ಬಂದಾಗ, ಮನೆ ಖಾಲಿ ಮಾಡಲು ಉಳಿದಿದ್ದು ಮೂರೇ ತಿಂಗಳು. ಊರಿನಿಂದ ಮುಂಬಯಿಗೆ ಬಂದ ಹೊಸತರಲ್ಲಿ ನಾನು ಇದ್ದದ್ದು ಅದೇ ಕಟ್ಟಡದ ಎರಡನೇ ಮಹಡಿಯ ಸೋದರಮಾವನ ಮನೆಯಲ್ಲಿ. ಮಾವ ಈಗಿಲ್ಲ, ಅತ್ತೆ ಇದ್ದಾರೆ. ಮೆಟ್ಟಿಲ ಬುಡದಲ್ಲಿ ಮರದ ಲೆಟರ್ ಬಾಕ್ಸುಗಳ ಸಾಲಿದೆ. ಅದರಲ್ಲಿ ಮಾವನ ಹೆಸರು ಇನ್ನೂ ಕನ್ನಡದಲ್ಲೇ ಇದೆ.

ಫೋನಿನಲ್ಲಿ ನೂರಾರು ಫೋಟೊ ತೆಗೆದೆ. ಎಲ್ಲವೂ ಸ್ಪಷ್ಟವಾಗಿದ್ದವು, ಎಲ್ಲವೂ ಬಿಲ್ಡರನ ಸರ್ವೆಗೆ ತೆಗೆದ ಹಾಗಿದ್ದವು. ನನಗೆ ಬೇಕಾಗಿದ್ದು ಜನ ಮತ್ತು ಗೋಡೆ ಒಂದರೊಳಗೊಂದು ಸೇರಿದ ಚಿತ್ರ. ಕಂಪ್ಯೂಟರಿನಲ್ಲಿ ಅದು ಹತ್ತು ನಿಮಿಷದ ಕೆಲಸ, ನನ್ನ ಹೊಟ್ಟೆಪಾಡೂ ಅದೇ. ಆದರೆ ಅಲ್ಲಿ ನಾನು ತಿದ್ದುತ್ತಲೇ ಇರುತ್ತೇನೆ, ಯಾವುದೂ ಮುಗಿಯುವುದಿಲ್ಲ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಬಂದದ್ದನ್ನು ಒಪ್ಪಿಕೊಳ್ಳೋಣ ಎನಿಸಿತು. ಜೇಬಿನಲ್ಲಿ ಹಿಡಿಯುವ ಫಿಲ್ಮ್ ಕ್ಯಾಮೆರಾ ಬೇಕು, 3,000 ರೂಪಾಯಿ ದಾಟಬಾರದು.

ಇಂಥ ಫೋಟೊಗಳಿಗೆ ಹೆಸರಾದದ್ದು ಲೋಮೋ ಎಲ್‌ಸಿ-ಎ. 1984ರಲ್ಲಿ ಲೆನಿನ್‌ಗ್ರಾಡಿನ ಕಾರ್ಖಾನೆಯಿಂದ ಬಂದ ಈ ಪುಟ್ಟ ಕ್ಯಾಮೆರಾ 1991ರಲ್ಲಿ ಪ್ರಾಗ್‌ನಲ್ಲಿ ವಿಯೆನ್ನಾದ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಅಂಚು ಕಪ್ಪಾಗುವುದು, ಬಣ್ಣ ಢಾಳಾಗುವುದು ದೋಷವಲ್ಲ, ಶೈಲಿ ಎಂದು ಅವರು ಸಾರಿದರು. ಆ ಖ್ಯಾತಿಯ ಜೊತೆಗೇ ಬೆಲೆಯೂ ಏರಿತು. ನನ್ನ ಬಜೆಟ್ಟಿಗೆ ಅದು ದೂರದ ಮಾತು.

ಹಾಗಾಗಿ ಒಂದು ಶನಿವಾರ ಹಾರ್ಬರ್ ಲೈನಿನ ಗಾಡಿ ಹಿಡಿದು ಸಿಎಸ್‌ಎಂಟಿಗೆ ಹೋದೆ. ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಫೋರ್ಟಿನ ಬೋರಾ ಬಜಾರ್, ಮುಂಬಯಿಯ ಕ್ಯಾಮೆರಾದವರೆಲ್ಲ ಒಮ್ಮೆಯಾದರೂ ಕಾಲಿಡುವ ಗಲ್ಲಿ. ನಲವತ್ತರ ಆಸುಪಾಸಿನ ನಮ್ಮಂಥವರಿಗೆ ಅಲ್ಲಿನ ಗಾಜಿನ ಕಪಾಟು ಬಾಲ್ಯದ ಆಲ್ಬಮ್ ಇದ್ದ ಹಾಗೆ. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3, ಜಾಹೀರಾತಿನಲ್ಲಿ ‘ಖಟಾಕ್’ ಎನ್ನುತ್ತಿದ್ದ ಹಾಟ್ ಶಾಟ್, ಕೊಡಾಕ್ ಕೆಬಿ-10, ಮದುವೆ ಮನೆಗಳಲ್ಲಿ ಕಂಡ ಯಾಶಿಕಾ ಎಂಎಫ್-2 ಸೂಪರ್. ಆಗ್ಫಾಗೆ ಅಗಲದ 120 ಫಿಲ್ಮ್ ಬೇಕು, ಒಂದು ರೋಲಿಗೆ 12 ಚಿತ್ರ ಮಾತ್ರ. ಹಾಟ್ ಶಾಟ್ 110ರ ಕಾರ್ಟ್ರಿಜ್ ಹುಡುಕುವುದೇ ಒಂದು ಸಾಹಸ. ಸುಲಭವಾಗಿ ಸಿಗುವುದು 35 ಎಂಎಂ ಫಿಲ್ಮ್.

ಮೊದಲ ಸಲ ಮೋಸ ಹೋದದ್ದು ನನ್ನ ಆಸೆಯಿಂದಲೇ. ಆಟೋಫೋಕಸ್, ಜೂಮ್, ಮೋಟರ್ ಎಲ್ಲ ಇದ್ದ ಕ್ಯಾಮೆರಾವನ್ನು 2,000 ರೂಪಾಯಿಗೆ ಕೊಂಡೆ. ‘ಗ್ಯಾರಂಟಿ ನಹೀ’ ಎಂದು ಅಂಗಡಿಯವನು ಮೊದಲೇ ಹೇಳಿದ್ದ. ಕಟ್ಟಡದ ಕೊನೆಯ ಗಣಪತಿ ಪೂಜೆಯ ದಿನ ಹನ್ನೊಂದನೇ ಕ್ಲಿಕ್ಕಿಗೆ ಮೋಟರ್ ನಿಂತಿತು. ಗಾಬರಿಯಲ್ಲಿ ಹಿಂಬಾಗಿಲು ತೆರೆದೆ, ತೆಗೆದ ಚಿತ್ರಗಳೆಲ್ಲ ಬೆಳಕಿಗೆ ಬಲಿಯಾದವು. ರಿಪೇರಿಯವರು ಎಲೆಕ್ಟ್ರಾನಿಕ್ ಬೋರ್ಡ್ ನೋಡಿ ತಲೆಯಾಡಿಸಿದರು. ಆ ಪೂಜೆ ಮತ್ತೆ ಆ ಅಂಗಳದಲ್ಲಿ ನಡೆಯುವುದಿಲ್ಲ.

ಅಂದು ಅರ್ಥವಾದದ್ದು ಇಷ್ಟು: ಹಳೆಯ ಕ್ಯಾಮೆರಾದಲ್ಲಿ ಚಿತ್ರಕ್ಕೆ ಒದಗುವ ದೋಷ ಬೇರೆ, ಚಿತ್ರವನ್ನೇ ನುಂಗುವ ದೋಷ ಬೇರೆ. ಎಲ್ಲಿಂದಲೋ ನುಸುಳುವ ಬೆಳಕು, ಮಸುಕಾದ ಅಂಚು ಮೊದಲನೆಯ ಜಾತಿ. ಕೈಕೊಡುವ ಮೋಟರ್ ಎರಡನೆಯದು.

ಎರಡನೇ ಸಲ ಕೈಯಿಂದ ಫಿಲ್ಮ್ ತಿರುಗಿಸುವ, ಫೋಕಸ್ಸಿನ ಗೊಡವೆಯಿಲ್ಲದ ಎಂಎಫ್-2 ಸೂಪರ್ ತೆಗೆದುಕೊಂಡೆ, ಚೌಕಾಸಿಯ ನಂತರ 1,400 ರೂಪಾಯಿ. ನೀವೂ ಹೋಗುವುದಾದರೆ ಎರಡು ಪೆನ್ಸಿಲ್ ಸೆಲ್ ಜೇಬಿನಲ್ಲಿರಲಿ. ಸೆಲ್ ಹಾಕುವ ಜಾಗದಲ್ಲಿ ಹಸಿರು-ಬಿಳಿ ಪುಡಿ ಕಂಡರೆ ಬೇಡ. ಫ್ಲ್ಯಾಶ್ ಹಾಕಿ ನೋಡಿ. ಹಿಂಬಾಗಿಲು ತೆರೆದು ಬೆಳಕಿನೆದುರು ಕ್ಲಿಕ್ ಮಾಡಿದರೆ ಲೆನ್ಸಿನಲ್ಲಿ ಬೆಳಕು ಮಿಂಚಬೇಕು. ಕೆಲವು ಕ್ಯಾಮೆರಾಗಳಲ್ಲಿ ಫಿಲ್ಮ್ ಇಲ್ಲದೆ ಶಟರ್ ಬೀಳುವುದಿಲ್ಲ, ಒಳಗಿನ ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಬಾಗಿಲಂಚಿನ ಸ್ಪಂಜು ಪುಡಿಯಾಗಿದ್ದರೆ ಹೆದರಬೇಡಿ, ಕಪ್ಪು ಉಣ್ಣೆದಾರ ಅಂಟಿಸಿದರೆ ಸಾಕು. ಫ್ಲ್ಯಾಶಿನ ಒಳಭಾಗವನ್ನು ಮಾತ್ರ ಬಿಚ್ಚಬೇಡಿ, ಸೆಲ್ ತೆಗೆದ ಮೇಲೂ ಜೋರು ಶಾಕ್ ಹೊಡೆಯುತ್ತದೆ.

ನಿಜವಾದ ಖರ್ಚು ಆಮೇಲೆ ಶುರು. ಫಿಲ್ಮಿಗೆ 800, ತೊಳೆದು ಸ್ಕ್ಯಾನ್ ಮಾಡಲು 500. 36 ಚಿತ್ರಕ್ಕೆ ಭಾಗಿಸಿದರೆ ಒಂದು ಕ್ಲಿಕ್ಕಿಗೆ ಸುಮಾರು 36 ರೂಪಾಯಿ, ಅಂದರೆ ಎರಡು ವಡಾಪಾವ್. ಆದ್ದರಿಂದ ತಿಂಗಳಿಗೆ ಒಂದೇ ರೋಲ್ ಎಂದು ನಿಯಮ ಮಾಡಿಕೊಂಡೆ.

ಎರಡು ಸಲ ತೆಗೆಯುವ ಉಪಾಯ ಸರಳ. 200ರ ಫಿಲ್ಮ್ ಹಾಕಿ ಕ್ಯಾಮೆರಾಕ್ಕೆ 400 ಎಂದು ಸುಳ್ಳು ಹೇಳಿದೆ. ಆಗ ಪ್ರತಿ ಸಲ ಅರ್ಧ ಬೆಳಕು, ಎರಡು ಅರ್ಧ ಸೇರಿ ಒಂದು. ಫಿಲ್ಮ್ ಹಾಕುವಾಗಲೇ ಅದು ಹಲ್ಲಿನ ಚಕ್ರಕ್ಕೆ ಕೂರುವ ಜಾಗಕ್ಕೆ ಪೆನ್ನಿನ ಗುರುತು. ರೋಲ್ ಮುಗಿದ ಮೇಲೆ ಕ್ಯಾಮೆರಾಕ್ಕೆ ಕಿವಿಯಿಟ್ಟು ನಿಧಾನ ಸುತ್ತಿದೆ. ‘ಟಿಕ್’ ಎಂದು ಬಿಗಿತ ತಪ್ಪಿದಾಗ ನಿಲ್ಲಿಸಿ, ಫಿಲ್ಮಿನ ತುದಿ ಹೊರಗೇ ಉಳಿಸಿ, ಗುರುತಿಗೆ ಸರಿಯಾಗಿ ಮತ್ತೆ ಹಾಕಿದೆ.

ಮೊದಲ ಸುತ್ತಿನಲ್ಲಿ ಜನರನ್ನು ಟೆರೇಸಿನ ಮೇಲೆ, ಬೆಳಗಿನ ಬಿಳಿ ಆಕಾಶಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಆಕಾಶ ಫಿಲ್ಮನ್ನು ತುಂಬಿಬಿಡುತ್ತದೆ, ಕಪ್ಪು ಆಕೃತಿಯ ಜಾಗ ಮಾತ್ರ ಖಾಲಿ ಉಳಿಯುತ್ತದೆ. ಎರಡನೇ ಸುತ್ತಿನಲ್ಲಿ ಗೋಡೆ, ಮೀಟರ್ ಪೆಟ್ಟಿಗೆ, ಸವೆದ ಮೆಟ್ಟಿಲು ಆ ಖಾಲಿ ಜಾಗದೊಳಗೆ ಬಂದು ಕೂರುತ್ತವೆ.

‘ಎಂತ ಮಾರಾಯ, ಸೂರ್ಯನಿಗೆ ಬೆನ್ನು ಹಾಕಿ ನಿಂತ್ರೆ ಮುಖ ಕಾಣ್ತದಾ?’ ಅಂದರು ಅತ್ತೆ.

‘ಕಾಣೂದಿಲ್ಲ ಅತ್ತೆ. ಅದಕ್ಕೇ ನಿಲ್ಲಿಸಿದ್ದು.’

36ರಲ್ಲಿ ಚೆನ್ನಾಗಿ ಬಂದದ್ದು ಏಳು. ಕೆಲವದರ ನಡುವೆ ಎರಡು ಚಿತ್ರಗಳ ಅಂಚಿನ ಕಪ್ಪು ಗೆರೆ, ಇನ್ನು ಕೆಲವು ಬರೀ ಮಂಜು. ಒಂದರಲ್ಲಿ ಅತ್ತೆಯ ಆಕೃತಿಯೊಳಗೆ ಲೆಟರ್ ಬಾಕ್ಸುಗಳ ಸಾಲಿದೆ, ಭುಜದ ಹತ್ತಿರ ಮಾವನ ಹೆಸರು. ನಾನು ಅಳೆದು ಇಟ್ಟದ್ದಲ್ಲ, ಹಾಗೆ ಬಂತು. ಹನ್ನೆರಡು ಇಂಚಿನ ಪ್ರಿಂಟ್ ಹಾಕಿಸಿ ಕೊಟ್ಟೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದ ಅತ್ತೆ, ‘ಆ ಬಾಕ್ಸಿಗೆ ಬೀಗ ಇರ್ಲೇ ಇಲ್ಲ, ನೋಡು’ ಅಂದರು.

ಈಗ ಕಟ್ಟಡದ ಸುತ್ತ ನೀಲಿ ತಗಡು ನಿಂತಿದೆ. ಅತ್ತೆ ಮಲಾಡಿನ ಬಾಡಿಗೆ ಮನೆಯಲ್ಲಿದ್ದಾರೆ, ಪ್ರಿಂಟ್ ಅಲ್ಲಿ ದೇವರ ಕಪಾಟಿನ ಪಕ್ಕದಲ್ಲಿದೆ. ಕ್ಯಾಮೆರಾದಲ್ಲಿ ಈ ತಿಂಗಳ ರೋಲ್ ಇದೆ, ಇನ್ನೂ 22 ಚಿತ್ರ ಬಾಕಿ.