ಹೊಳೆದಂಡೆಯ ಕಾಲುದಾರಿ ಉಳಿಯಬೇಕಾದರೆ...

ಪಕ್ಕದ ಊರಿಗೆ ನೀವು ಕೊನೆಯ ಸಲ ನಡೆದು ಹೋದದ್ದು ಯಾವಾಗ? ನೆನಪಾಗುತ್ತಿಲ್ಲವೇ? ಮನೆಯ ಹಿರಿಯರನ್ನು ಕೇಳಿ ನೋಡಿ. ಸಂತೆಗೆ, ಮದುವೆಗೆ, ಬಾಣಂತಿಯನ್ನು ನೋಡಲಿಕ್ಕೆ ಅವರು ಹಿಡಿಯುತ್ತಿದ್ದದ್ದು ಹೊಲದ ಬದುವಿನ, ಹೊಳೆದಂಡೆಯ ಕಾಲುದಾರಿಯನ್ನೇ.

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸೀಮೆಯನ್ನೇ ತೆಗೆದುಕೊಳ್ಳಿ. ಗೋಕಾಕದಲ್ಲಿ ಜಲಪಾತವಾಗಿ ಧುಮುಕಿದ ಘಟಪ್ರಭೆ ಮುಧೋಳ ದಾಟಿ, ಮಾಚಕನೂರು ಮುಂತಾದ ಹಳ್ಳಿಗಳ ಮಗ್ಗುಲಲ್ಲಿ ಕಲಾದಗಿಯತ್ತ ಹರಿಯುತ್ತದೆ. ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಂಡೆಯ ಉದ್ದಕ್ಕೂ ಕಪ್ಪು ಮಣ್ಣು, ಕಬ್ಬಿನ ಗದ್ದೆ. ಬೈಕು ಬಂದ ಮೇಲೆ ಈ ದಾರಿಗಳಲ್ಲಿ ನಡೆಯುವವರು ಕಡಿಮೆಯಾದರು. ನಡೆಯುವವರಿಲ್ಲದ ದಾರಿಯ ಮೇಲೆ ನೇಗಿಲು ಹರಿಯಲು ಎಷ್ಟು ಹೊತ್ತು ಬೇಕು?

ಆದರೆ ದಾರಿ ಕಾಗದದ ಮೇಲೆ ಇನ್ನೂ ಇರಬಹುದು. ಭೂಮಾಪನ ಇಲಾಖೆಯ ಗ್ರಾಮ ನಕಾಶೆ ತೆಗೆದು ನೋಡಿ. ಚುಕ್ಕಿಗಳ ಒಂಟಿ ಗೆರೆಯಿದ್ದರೆ ಅದು ಕಾಲುದಾರಿ, ಜೋಡಿ ಗೆರೆಯಿದ್ದರೆ ಬಂಡಿದಾರಿ. ನಕಾಶೆಯಲ್ಲಿರುವ ದಾರಿಯನ್ನು ಯಾರಾದರೂ ಒತ್ತುವರಿ ಮಾಡಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು.

ನಕಾಶೆಯಲ್ಲಿಲ್ಲದ ದಾರಿಗೂ ಕಾನೂನಿನ ಆಸರೆಯುಂಟು. ನಮ್ಮ ಹೊಲಕ್ಕೆ ಹೋಗಲು ಇನ್ನೊಬ್ಬರ ಹೊಲದಲ್ಲಿ 20 ವರ್ಷ ಎಡೆಬಿಡದೆ, ತಂಟೆಯಿಲ್ಲದೆ, ಎಲ್ಲರ ಕಣ್ಣೆದುರಿಗೇ ಹಕ್ಕಿನಿಂದ ನಡೆದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ ಆ ದಾರಿಯ ಹಕ್ಕನ್ನು ಮಾನ್ಯ ಮಾಡುತ್ತದೆ. ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ: ಸತತ 20 ವರ್ಷ ಬಳಸದೆ ಬಿಟ್ಟರೆ ಆ ಹಕ್ಕು ಅಳಿದುಹೋಗುತ್ತದೆ. ಹಿರಿಯರು ನಡೆದು ಗಳಿಸಿದ್ದನ್ನು ನಾವು ಕೂತು ಕಳೆದುಕೊಳ್ಳುವುದು ಸರಿಯೇ?

ಹಾಗೆಂದು ಹೊಳೆಯನ್ನು ಹಗುರವಾಗಿ ಕಾಣಬೇಡಿ. ಲೋಕಾಪುರದಲ್ಲಿ ಹನಿ ಮಳೆ ಇಲ್ಲದಿದ್ದರೂ, ಮೇಲೆ ಹಿಡಕಲ್ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2019ರ ಆಗಸ್ಟ್‌ನ ಪ್ರವಾಹದಲ್ಲಿ ಮುಧೋಳ ತಾಲೂಕಿನ ದಂಡೆಯ ಹಳ್ಳಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಮಳೆಗಾಲದಲ್ಲಿ ದಂಡೆಯ ಕಡೆ ಹೋಗಲೇಬೇಡಿ. ನೆಲ ಒಣಗಿ ಗಟ್ಟಿಯಾಗುವ ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗಿನ ಹೊತ್ತು ನಡಿಗೆಗೆ ಹಿತ. ಕುಡಿಯುವ ನೀರು ಜೊತೆಗಿರಲಿ, ಒಬ್ಬರೇ ಹೋಗಬೇಡಿ. ಬೆಳೆ ತುಳಿಯದೆ ಬದುವಿನ ಮೇಲೆಯೇ ನಡೆಯಿರಿ. ಹೊಲದವರು ಎದುರಾದರೆ ನಿಂತು ಮಾತನಾಡಿಸಿ. ದಾರಿ ಎಲ್ಲಿತ್ತು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ.

ಬರುವ ಚಳಿಗಾಲದ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡಿ. ಅಜ್ಜಿಗೆ ಶಕ್ತಿಯಿದ್ದರೆ ಅವರೇ ಮುಂದೆ ನಡೆಯಲಿ. ಯಾವ ಬದುವಿನ ಬಳಿ ತಿರುಗಬೇಕು, ಯಾವ ಮರದ ನೆರಳಲ್ಲಿ ದಣಿವಾರಿಸಿಕೊಳ್ಳಬೇಕು ಎಂದು ಮಕ್ಕಳಿಗೆ ಅವರೇ ತೋರಿಸಲಿ.