ಐಡಿ ವಿಳಾಸವಿದ್ದಂತೆ, ಕೀ ಬೀಗದ ಕೈ ಇದ್ದಂತೆ



ಪಿಯುಸಿ ಮುಗಿಸಿ ಬಿ.ಕಾಂ. ಅಥವಾ ಬಿಸಿಎ ಓದಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸಕ್ಕೆ ಸೇರುವವರಿಗೆ ಬಹುಬೇಗ ಎದುರಾಗುವ ಪ್ರಶ್ನೆ, "ನಿಮ್ಮ ಅಕೌಂಟ್ ಐಡಿ ಯಾವುದು?"

ಸಾವಿರಾರು ಗ್ರಾಹಕರಿಗೆ ಇಮೇಲ್ ಕಳುಹಿಸಿ, ಯಾರು ತೆರೆದರು, ಯಾರು ಲಿಂಕ್ ಒತ್ತಿದರು ಎಂದು ಲೆಕ್ಕವಿಡುವುದೇ ಮಾರ್ಕೆಟಿಂಗ್ ಆಟೊಮೇಷನ್ ಸಾಫ್ಟ್‌ವೇರ್‌ನ ಕೆಲಸ. ಒಂದೇ ಸಾಫ್ಟ್‌ವೇರನ್ನು ಅನೇಕ ಸಂಸ್ಥೆಗಳು ಬಳಸುವುದರಿಂದ ಪ್ರತಿಯೊಂದಕ್ಕೂ ಬೇರೆ ಬೇರೆ ಗುರುತು ಬೇಕು. ಪರೀಕ್ಷೆಯ ರಿಜಿಸ್ಟರ್ ನಂಬರ್ ಇದ್ದಂತೆ: ಒಂದೇ ಹೆಸರಿನ ಮೂವರಿದ್ದರೂ ಅಂಕಗಳು ಅದಲುಬದಲಾಗುವುದಿಲ್ಲ.

ಈ ಗುರುತು ಎಲ್ಲಿ ಸಿಗುತ್ತದೆ?

ಹಬ್‌ಸ್ಪಾಟ್: ಬಲಮೇಲ್ತುದಿಯಲ್ಲಿರುವ ಖಾತೆಯ ಹೆಸರನ್ನು ಒತ್ತಿದರೆ ಹಬ್ ಐಡಿ ಕಾಣುತ್ತದೆ. ಇದು ಬರೀ ಅಂಕಿಗಳ ಸಂಖ್ಯೆ. ಲಾಗಿನ್ ಆದ ಮೇಲೆ ಬ್ರೌಸರ್‌ನ ವಿಳಾಸ ಪಟ್ಟಿಯಲ್ಲೂ ಇದೇ ಸಂಖ್ಯೆ ಇರುತ್ತದೆ.

ಮೇಲ್‌ಚಿಂಪ್: ಇಲ್ಲಿ ಪ್ರತಿ ಗ್ರಾಹಕರ ಪಟ್ಟಿಗೂ ಒಂದು ಆಡಿಯನ್ಸ್ ಐಡಿ ಇದೆ. ಅದನ್ನು ಆಡಿಯನ್ಸ್ ವಿಭಾಗದ ಸೆಟ್ಟಿಂಗ್ಸ್‌ನಲ್ಲಿ ನೋಡಬೇಕು. ಬ್ರೌಸರ್ ವಿಳಾಸದಲ್ಲಿ ಕಾಣುವ ಸಂಖ್ಯೆ ಬೇರೆ. ಅದನ್ನು ನಕಲು ಮಾಡಿದರೆ ಕೆಲಸವಾಗದು.

ಮಾರ್ಕೆಟೊ: 2018ರಲ್ಲಿ ಅಡೋಬಿ ಕಂಪನಿ ಕೊಂಡ ಈ ಸಾಫ್ಟ್‌ವೇರ್‌ನಲ್ಲಿ ಗುರುತಿನ ಹೆಸರು ಮಂಚ್‌ಕಿನ್ ಐಡಿ. ಮೂರು ಅಂಕಿ, ಮೂರು ಅಕ್ಷರ, ಮತ್ತೆ ಮೂರು ಅಂಕಿ. ಅಡ್ಮಿನ್ ವಿಭಾಗದ ಮಂಚ್‌ಕಿನ್ ಪುಟದಲ್ಲಿ ಇರುತ್ತದೆ.

ಐಡಿಯನ್ನು ಅಂಟಿಸಿದ ಮೇಲೆ ಒಮ್ಮೆ ಪರೀಕ್ಷಿಸಿ. ಅಭ್ಯಾಸಕ್ಕೆಂದು ತೆರೆದ ಖಾತೆಯ ಐಡಿ ವೆಬ್‌ಸೈಟ್‌ನಲ್ಲಿ ಉಳಿದುಬಿಟ್ಟರೆ ಯಾವ ಎಚ್ಚರಿಕೆಯೂ ಬಾರದೆ ಮಾಹಿತಿಯೆಲ್ಲ ಅಲ್ಲಿಗೇ ಹೋಗುತ್ತಿರುತ್ತದೆ.

ಇನ್ನು ಮುಖ್ಯ ವಿಷಯ. ಹಬ್ ಐಡಿ, ಮಂಚ್‌ಕಿನ್ ಐಡಿಗಳು ಗುಟ್ಟಲ್ಲ. ವೆಬ್‌ಸೈಟ್‌ನ ಟ್ರ್ಯಾಕಿಂಗ್ ಕೋಡ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅವು ಮನೆಯ ವಿಳಾಸವಿದ್ದಂತೆ. ಆದರೆ ಎಪಿಐ ಕೀ ಎಂಬುದು ಬೀಗದ ಕೈ. ಅದು ಕೈತಪ್ಪಿದರೆ ಬೇರೆಯವರು ಗ್ರಾಹಕರ ಪಟ್ಟಿಯನ್ನೇ ಇಳಿಸಿಕೊಳ್ಳಬಹುದು, ಸಂಸ್ಥೆಯ ಹೆಸರಿನಲ್ಲಿ ಮೋಸದ ಇಮೇಲ್ ಕಳುಹಿಸಬಹುದು. ಆದ್ದರಿಂದ ಯಾರಾದರೂ ಐಡಿ ಕೇಳಿದರೆ ಐಡಿಯನ್ನಷ್ಟೇ ಕೊಡಿ. ಕೀ ಕಾಣುವ ಸ್ಕ್ರೀನ್‌ಶಾಟನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ಕೀ ಹೊರಬಿದ್ದರೆ ತಕ್ಷಣ ರದ್ದುಮಾಡಿ ಹೊಸದನ್ನು ಪಡೆಯಿರಿ. ಸಂದೇಶ ಅಳಿಸಿದರೆ ಸಾಲದು.

ಆ ಪಟ್ಟಿಯಲ್ಲಿರುವುದು ಜನ ನಂಬಿ ಕೊಟ್ಟ ಹೆಸರು, ಇಮೇಲ್, ಫೋನ್ ನಂಬರ್. ಅದನ್ನು ಕಾಪಾಡುವುದು ಸಂಸ್ಥೆಯ ಹೊಣೆ ಎಂದು ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ.