ಹಲಗೆ ಹೋದ ದಾರಿ

ಹೆದ್ದಾರಿ ಬದಿಯ ಯಾವ ಊರಿಗೆ ಹೋದರೂ ಬಸ್ ನಿಲ್ದಾಣದ ಆಸುಪಾಸಿನಲ್ಲಿ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಬರೆದ ಒಂದಾದರೂ ಬೋರ್ಡು ಕಾಣುತ್ತದೆ. ಇಲ್ಲಿ ಊಟವೂ ಸಿಗುತ್ತದೆ, ತಂಗಲು ಕೋಣೆಯೂ ಸಿಗುತ್ತದೆ ಎಂದು ಅದರ ಅರ್ಥ. ವಿಮಾನ ನಿಲ್ದಾಣದಲ್ಲಿ ಕೊಡುವ ಬೋರ್ಡಿಂಗ್ ಪಾಸಿಗೆ ಊಟದ ಸಂಬಂಧವೇ ಇಲ್ಲ, ಅದು ಹತ್ತುವುದಕ್ಕೆ ಕೊಟ್ಟ ಚೀಟಿ. ಮನೆಯ ಗೋಡೆಯ ಮೇಲೆ ಸ್ವಿಚ್ ಬೋರ್ಡಿದೆ, ಮಗಳಿಗೆ ಬೋರ್ಡ್ ಎಕ್ಸಾಂ ಹತ್ತಿರ ಬಂದಿದೆ, ಹಿರಿಯರ ಮಾತಿನಲ್ಲಿ ತಾಲ್ಲೂಕು ಬೋರ್ಡು ಇನ್ನೂ ಸುಳಿಯುತ್ತದೆ, ಬಸ್ಸು ಬಂದು ನಿಂತರೆ ‘ಯಾವ ಬೋರ್ಡು ಹಾಕಿದಾನೆ ನೋಡು’ ಎನ್ನುತ್ತೇವೆ. ಇಂಗ್ಲಿಷ್ ಕಲಿಯುವ ಮಗು ನಿಘಂಟು ತೆರೆದರೆ ಇವೆಲ್ಲ ಒಂದರ ಕೆಳಗೊಂದು ಸಾಲುಗಟ್ಟಿ ನಿಂತಿರುತ್ತವೆ. ಒಂದೇ ಮಾತಿಗೆ ಇಷ್ಟೊಂದು ಅರ್ಥ ಹೊರಿಸಿದ ಭಾಷೆಗೆ ಶಿಸ್ತಿಲ್ಲ ಎಂದು ಬೇಸರಪಡುವವರೂ ಇದ್ದಾರೆ. ಆ ಬೇಸರ ಸಲ್ಲದು ಎಂಬುದು ನನ್ನ ವಾದ. ಈ ಅರ್ಥಗಳು ಎಲ್ಲಿಂದಲೋ ಬಂದು ಗುಡ್ಡೆ ಬಿದ್ದವಲ್ಲ. ಜನ ಒಂದು ವಸ್ತುವನ್ನು ಎಲ್ಲಿ ಇಟ್ಟರು, ಅದರ ಮೇಲೆ ಏನು ಮಾಡಿದರು ಎಂಬುದನ್ನು ಹಿಡಿದುಕೊಂಡು ಹುಟ್ಟಿದವು. ಆ ವಸ್ತು ಒಂದು ಮರದ ಹಲಗೆ.

ಮಧ್ಯಯುಗದ ಇಂಗ್ಲೆಂಡಿನ ಸಿರಿವಂತರ ಮನೆಯಲ್ಲಿ ಊಟದ ಹೊತ್ತು ಹೇಗಿರುತ್ತಿತ್ತು ಎಂದು ನೋಡಿದರೆ ಅರ್ಧ ಕಥೆ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಒಡೆಯ, ಬಂಟರು, ಆಳುಕಾಳು ಎಲ್ಲರೂ ಉಣ್ಣುವುದು ಒಂದೇ ದೊಡ್ಡ ಹಜಾರದಲ್ಲಿ. ಹಲವರು ರಾತ್ರಿ ಮಲಗುವುದೂ ಅಲ್ಲೇ. ಕಾಯಮ್ಮಾಗಿ ಮೇಜು ಇಟ್ಟರೆ ಜಾಗ ಸಾಲದು. ಹಾಗಾಗಿ ಊಟಕ್ಕೆ ಮುಂಚೆ ಆಳುಗಳು ಕವಲುಗಾಲಿನ ಆಸರೆಗಳನ್ನು ತಂದು ನಿಲ್ಲಿಸಿ, ಅವುಗಳ ಮೇಲೆ ಉದ್ದುದ್ದದ ಹಲಗೆಗಳನ್ನು ಇಟ್ಟು, ಮೇಲೆ ಬಟ್ಟೆ ಹಾಸುತ್ತಿದ್ದರು. ಉಂಡೆದ್ದ ಮೇಲೆ ಹಲಗೆ ಎತ್ತಿ ಗೋಡೆಗೆ ಒರಗಿಸಿದರೆ ಹಜಾರ ಮತ್ತೆ ಖಾಲಿ. ಇಂಥ ಮನೆಯಲ್ಲಿ ‘ಮೇಜು’ ಎಂಬುದು ಬೇರೊಂದು ವಸ್ತುವೇ ಅಲ್ಲ, ಹಲಗೆಯೇ ಮೇಜು. ಹೀಗೆ ಬೋರ್ಡ್ ಎಂದರೆ ಊಟದ ಮೇಜು ಎಂದಾಯಿತು. ಮೇಜಿನ ಹೆಸರು ಅದರ ಮೇಲೆ ಬಡಿಸಿದ್ದಕ್ಕೆ ಹತ್ತಿತು, ಬೋರ್ಡ್ ಎಂದರೆ ಊಟ ಎಂದಾಯಿತು. ಹಣ ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಉಣ್ಣುವವನು ಬೋರ್ಡರ್ ಆದ, ಮಕ್ಕಳು ಅಲ್ಲೇ ಉಂಡು ಮಲಗಿ ಓದುವ ಶಾಲೆ ಬೋರ್ಡಿಂಗ್ ಶಾಲೆಯಾಯಿತು. ನಮ್ಮ ಹೆದ್ದಾರಿ ಬದಿಯ ಬೋರ್ಡಿಂಗು ಆ ಹಜಾರದ ಹಲಗೆಯಿಂದ ಇಳಿದು ಬಂದದ್ದು. ನಮ್ಮ ಮನೆಗಳ ಕಬೋರ್ಡ್ ಕೂಡ ಅಲ್ಲಿಯದೇ. ಮೊದಲಿಗೆ ಅದಕ್ಕೆ ಬಾಗಿಲೂ ಇರಲಿಲ್ಲ, ಬೀಗವೂ ಇರಲಿಲ್ಲ. ಮನೆಯ ಬಟ್ಟಲು, ಪಾನಪಾತ್ರೆಗಳನ್ನು ಬಂದವರ ಕಣ್ಣಿಗೆ ಬೀಳುವಂತೆ ಜೋಡಿಸಿಡುವ ಹಲಗೆ ಅದು. ಬಾಗಿಲು ಬಂದದ್ದು ಆಮೇಲೆ, ಹೆಸರು ಮಾತ್ರ ಹಾಗೇ ಉಳಿಯಿತು.

ಊಟದ ಹಲಗೆಯ ಸುತ್ತ ಕೂತವರು ಊಟವನ್ನಷ್ಟೇ ಮಾಡುವುದಿಲ್ಲವಲ್ಲ. ಲೆಕ್ಕ ನೋಡುತ್ತಾರೆ, ತಕರಾರು ತೀರಿಸುತ್ತಾರೆ, ಅಪ್ಪಣೆ ಕೊಡುತ್ತಾರೆ. ಇಂಗ್ಲೆಂಡಿನ ಅರಮನೆಯ ಖರ್ಚುವೆಚ್ಚ ನೋಡಿಕೊಳ್ಳುವ ಅಧಿಕಾರಿಗಳು ಹಸಿರು ಬಟ್ಟೆ ಹಾಸಿದ ಮೇಜಿನ ಸುತ್ತ ಸೇರುತ್ತಿದ್ದರು. ಅವರ ಕೂಟದ ಹೆಸರೇ ‘ಬೋರ್ಡ್ ಆಫ್ ಗ್ರೀನ್ ಕ್ಲಾತ್’, ಹಸಿರು ಬಟ್ಟೆಯ ಹಲಗೆ. ಹಲಗೆಯ ಹೆಸರು ಅದರ ಸುತ್ತ ಕೂತವರಿಗೆ ಹತ್ತುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಾಕ್ಷ್ಯ ಸಿಗುವುದು ಕಷ್ಟ. ಈ ಅರ್ಥವೇ ಹಡಗೇರಿ ನಮ್ಮಲ್ಲಿಗೆ ಬಂದದ್ದು. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಕಣ್ಣಿಡಲು ಲಂಡನ್ನಿನಲ್ಲಿ 1784ರಲ್ಲಿ ಬೋರ್ಡ್ ಆಫ್ ಕಂಟ್ರೋಲ್ ಬಂತು, ಎರಡು ವರ್ಷಕ್ಕೆ ಮದರಾಸಿನಲ್ಲಿ ಕಂದಾಯದ ಬೋರ್ಡು ಬಂತು. ಮುಂದೆ ಬಳ್ಳಾರಿ, ದಕ್ಷಿಣ ಕನ್ನಡಗಳ ರೈತರ ತೆರಿಗೆಯ ಹಣೆಬರಹ ಆ ಬೋರ್ಡಿನ ಕೈಯಲ್ಲಿತ್ತು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡಾಗಲೂ ಮೊದಲು ಕೂಡಿಸಿದ್ದು ಇಬ್ಬರು ಕಮಿಷನರುಗಳ ಒಂದು ಬೋರ್ಡನ್ನೇ. ಒಬ್ಬನೇ ಕಮಿಷನರ್ ಇರುವ ಪದ್ಧತಿ ಬಂದದ್ದು 1834ರಲ್ಲಿ. ಕನ್ನಡಿಗರ ಕಿವಿಗೆ ಬೋರ್ಡ್ ಎಂಬ ಮಾತು ಮೊದಮೊದಲು ಬಿದ್ದದ್ದು ಹಲಗೆಯಾಗಿ ಅಲ್ಲ, ಅಧಿಕಾರವಾಗಿ ಎಂದು ನನಗೆ ತೋರುತ್ತದೆ.

ಇದೇನು ಇಂಗ್ಲಿಷಿಗೆ ಮಾತ್ರ ಬಂದ ಚಾಳಿಯೇ ಎಂದು ನೋಡಲು ದೂರ ಹೋಗಬೇಕಿಲ್ಲ, ನಮ್ಮ ಮಣೆಯನ್ನೇ ತೆಗೆದುಕೊಳ್ಳಬಹುದು. ಮಣೆಯೂ ಒಂದು ತುಂಡು ಹಲಗೆಯೇ. ಅದರ ಮೇಲೆ ಅಲಗು ನೆಟ್ಟರೆ ಈಳಿಗೆಮಣೆ, ಗುಳಿ ತೋಡಿದರೆ ಚನ್ನೆಮಣೆ, ಹಿಟ್ಟು ಲಟ್ಟಿಸಿದರೆ ಲಟ್ಟಣಿಗೆಮಣೆ, ಮದುಮಕ್ಕಳು ಕೂತರೆ ಹಸೆಮಣೆ. ಇಂಗ್ಲಿಷಿನವರು ಹಲಗೆಯ ಮುಂದೆ ಕೂತು ಉಂಡರು, ನಾವು ಹಲಗೆಯ ಮೇಲೆ ಕೂತು ನೆಲಕ್ಕೆ ಹಾಸಿದ ಎಲೆಯಲ್ಲಿ ಉಂಡೆವು. ಅವರ ಹಲಗೆ ಅನ್ನವನ್ನು ಹೊತ್ತಿತು, ಆದ್ದರಿಂದ ಬೋರ್ಡ್ ಎಂದರೆ ಊಟವಾಯಿತು. ನಮ್ಮ ಹಲಗೆ ಅತಿಥಿಯನ್ನು ಹೊತ್ತಿತು, ಆದ್ದರಿಂದ ಮಣೆ ಹಾಕುವುದೆಂದರೆ ಮರ್ಯಾದೆ ಕೊಡುವುದಾಯಿತು. ಹೊಸ ವಿಚಾರಕ್ಕೆ ಮಣೆ ಹಾಕಿದರು ಎಂದು ಪತ್ರಿಕೆಯಲ್ಲಿ ಓದುವಾಗ ಯಾರ ಕಣ್ಣಿಗೂ ಮರದ ತುಂಡು ಕಾಣುವುದಿಲ್ಲ, ಹಸೆಮಣೆ ಏರಿದರು ಎಂದರೆ ಮದುವೆಯಾದರು ಎಂದಷ್ಟೇ ತಿಳಿಯುತ್ತದೆ. ಹಲಗೆ ಒಂದೇ ಬಗೆಯದು, ಅದನ್ನು ಮೈಯ ಯಾವ ಕಡೆಗೆ ಇಟ್ಟುಕೊಂಡರು ಎಂಬುದರ ಮೇಲೆ ಎರಡು ನಾಡುಗಳಲ್ಲಿ ಎರಡು ದಾರಿ ಹಿಡಿಯಿತು. ಎರಡೂ ಕಡೆ ಒಂದೇ ದಾರಿ ಹಿಡಿದದ್ದೂ ಉಂಟು. ಹಳೆಯ ಇಂಗ್ಲಿಷಿನ ಯುದ್ಧಕಾವ್ಯಗಳಲ್ಲಿ ಬೋರ್ಡ್ ಎಂದರೆ ಗುರಾಣಿ; ಸೈನಿಕರು ಗುರಾಣಿಗೆ ಗುರಾಣಿ ತಾಗಿಸಿ ನಿಂತ ಸಾಲಿಗೆ ‘ಬೋರ್ಡ್‌ಗಳ ಗೋಡೆ’ ಎಂದೇ ಹೆಸರು. ಸಂಸ್ಕೃತದ ಫಲಕಕ್ಕೂ ಹಳಗನ್ನಡದ ಪಲಗೆಗೂ ಗುರಾಣಿ ಎಂಬ ಅರ್ಥವಿದೆ. ಆ ಕಾಲದ ಇಂಗ್ಲಿಷಿಗೂ ಕನ್ನಡಕ್ಕೂ ಒಂದರ ಗಾಳಿ ಇನ್ನೊಂದಕ್ಕೆ ಸೋಕಿರಲಿಲ್ಲ. ಆದರೂ ಕತ್ತಿಯ ಏಟಿಗೆ ಹಲಗೆ ಅಡ್ಡ ಹಿಡಿದ ಎರಡೂ ಕಡೆಯ ಜನ ಒಂದೇ ರೀತಿ ಮಾತಾಡಿದರು.

ಇಲ್ಲಿಗೆ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ವಿಮಾನ ಹತ್ತುವ ಬೋರ್ಡಿಂಗಿಗೂ ಊಟದ ಹಲಗೆಗೂ ಎಲ್ಲಿಯ ನಂಟು, ಎಲ್ಲವನ್ನೂ ಒಂದೇ ಮರಕ್ಕೆ ಕಟ್ಟಿದರೆ ಹೇಗೆ ಎಂದು ಕೇಳಬಹುದು. ಆಕ್ಷೇಪ ನ್ಯಾಯವಾದದ್ದು, ಭಾಷಾಶಾಸ್ತ್ರಜ್ಞರೂ ಅದನ್ನೇ ಹೇಳುತ್ತಾರೆ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿ ಉಚ್ಚಾರದಲ್ಲಿ ತೀರ ಹತ್ತಿರದ ಎರಡು ಮಾತುಗಳಿದ್ದವು. ಒಂದಕ್ಕೆ ಹಲಗೆ ಎಂದು ಅರ್ಥ, ಇನ್ನೊಂದಕ್ಕೆ ಅಂಚು, ಅದರಲ್ಲೂ ಹಡಗಿನ ಪಕ್ಕ ಎಂದು ಅರ್ಥ. ಹಳೆಯ ಇಂಗ್ಲಿಷ್‌ಗೆ ಬರುವಷ್ಟರಲ್ಲಿ ಎರಡೂ ಸವೆದು ಒಂದೇ ರೂಪಕ್ಕೆ ಬಂದುಬಿಟ್ಟವು. ಹಡಗಿನ ಪಕ್ಕಗಳನ್ನು ಕಟ್ಟುತ್ತಿದ್ದುದೂ ಹಲಗೆಯಿಂದಲೇ ಆದ್ದರಿಂದ ಇವು ಬೇರೆ ಬೇರೆ ಎಂದು ಯಾರಿಗೂ ಅನಿಸಿರಲಾರದು. ಹಡಗಿನ ಪಕ್ಕ ದಾಟಿ ಒಳಗೆ ಕಾಲಿಡುವುದು ಬೋರ್ಡ್ ಮಾಡುವುದಾಯಿತು. ಅದು ಹಡಗಿನಿಂದ ರೈಲಿಗೆ, ರೈಲಿನಿಂದ ವಿಮಾನಕ್ಕೆ ಹೋಯಿತು. ಈ ಅಂಚಿನ ಮಾತನ್ನು ಫ್ರೆಂಚರೂ ಎರವಲು ಪಡೆದಿದ್ದರು. ಅವರ ಕೈಯಿಂದ ಇಂಗ್ಲಿಷಿಗೆ ಹಿಂತಿರುಗಿ ಬಂದದ್ದು ಬಾರ್ಡರ್. ಇಳಕಲ್ ಸೀರೆಯ ಬಾರ್ಡರಿಗೂ ಬೋರ್ಡಿಂಗ್ ಪಾಸಿಗೂ ಇರುವ ರಕ್ತಸಂಬಂಧ ಬೋರ್ಡಿಂಗ್ ಪಾಸಿಗೂ ಲಾಡ್ಜಿನ ಬೋರ್ಡಿಂಗಿಗೂ ಇಲ್ಲ. ಹಾಗಾಗಿ ಎಲ್ಲ ಅರ್ಥಕ್ಕೂ ಒಂದೇ ಬೇರು ಎಂದು ನಾನು ಹೇಳುತ್ತಿಲ್ಲ. ಬೇರು ಎರಡಾದರೂ ಎರಡೂ ಕಡೆ ಅರ್ಥ ಬೆಳೆದದ್ದು ಕೈಗೆ ಸಿಗುವ ವಸ್ತುವಿನಿಂದ ಎಂಬುದಷ್ಟೇ ನನ್ನ ಮಾತು. ಹಳೆಯ ಹಡಗುಗಳ ಹುಟ್ಟು ಹಿಂಬದಿಯ ಬಲಮಗ್ಗುಲಲ್ಲಿ ಇರುತ್ತಿತ್ತು, ಹಡಗನ್ನು ತಿರುಗಿಸುತ್ತಿದ್ದುದು ಅದರಿಂದಲೇ. ಆದ್ದರಿಂದ ಬಲಮಗ್ಗುಲು ‘ಸ್ಟಾರ್‌ಬೋರ್ಡ್’ ಎನಿಸಿಕೊಂಡಿತು. ಅದರಲ್ಲಿ ನಕ್ಷತ್ರವಿಲ್ಲ, ಹಡಗು ತಿರುಗಿಸುವ ಕಡೆ ಎಂದು ಅರ್ಥ. ಎಡಮಗ್ಗುಲಿಗೆ ‘ಲಾರ್‌ಬೋರ್ಡ್’ ಎನ್ನುತ್ತಿದ್ದರು. ಗಾಳಿಮಳೆಯ ಸದ್ದಿನಲ್ಲಿ ಕೂಗಿ ಹೇಳಿದರೆ ಎರಡೂ ಒಂದೇ ಥರ ಕೇಳುತ್ತಿದ್ದುದರಿಂದ 1844ರಲ್ಲಿ ಬ್ರಿಟಿಷ್ ನೌಕಾಪಡೆ ಎಡಕ್ಕೆ ‘ಪೋರ್ಟ್’ ಎಂದೇ ಕೂಗಬೇಕು ಎಂದು ಆಜ್ಞೆ ಹೊರಡಿಸಿತು.

ಆದಮೇಲೆ ಕೂತು ಹೊಸೆದರೆ ಯಾವುದಕ್ಕೆ ಯಾವುದನ್ನು ಬೇಕಾದರೂ ಗಂಟು ಹಾಕಬಹುದಲ್ಲ ಎಂಬ ಅನುಮಾನವೂ ಸಹಜ. ಮಾತಿನ ಮೂಲದ ಹೆಸರಿನಲ್ಲಿ ಸೊಗಸಾದ ಕಟ್ಟುಕಥೆಗಳು ಓಡಾಡುತ್ತಿರುವುದು ನಿಜ. ‘ಪಾಶ್’ ಎಂಬ ಮಾತಿನದು ಅದಕ್ಕೆ ಒಳ್ಳೆಯ ಉದಾಹರಣೆ. ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದ ಸಿರಿವಂತ ಇಂಗ್ಲಿಷರು ಬಿಸಿಲು ತಪ್ಪಿಸಿಕೊಳ್ಳಲು ಬರುವಾಗ ಎಡಮಗ್ಗುಲ, ಹೋಗುವಾಗ ಬಲಮಗ್ಗುಲ ಕೋಣೆ ಕೇಳುತ್ತಿದ್ದರು, ಅವರ ಟಿಕೆಟ್ಟಿನ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಎಂಬುದರ ಮೊದಲಕ್ಷರಗಳನ್ನು ಮುದ್ರಿಸುತ್ತಿದ್ದರು, ಅದೇ ‘ಪಾಶ್’ ಆಯಿತು ಎಂದು ಎಷ್ಟೋ ಜನ ನಂಬಿದ್ದಾರೆ. ಅಂಥ ಒಂದು ಟಿಕೆಟ್ಟೂ ಇವತ್ತಿನವರೆಗೆ ಸಿಕ್ಕಿಲ್ಲ. ನಿಘಂಟುಕಾರರು ಆ ಕಥೆಯನ್ನು ತಳ್ಳಿಹಾಕಿದ್ದಾರೆ. ಹಲಗೆಯ ಕಥೆಗೆ ಈ ಗತಿ ಬಾರದು. ಹಲಗೆಗೂ ಸಭೆಗೂ ನಡುವೆ ಮೇಜು ಎಂಬ ಅರ್ಥವಿದ್ದ ಕಾಲದ ಬರಹಗಳು ಉಳಿದಿವೆ, ಮೇಜಿಗೂ ಊಟಕ್ಕೂ ನಡುವಿನವೂ ಉಳಿದಿವೆ. ಬೇರೆ ಮಾತುಗಳೂ ಇದೇ ಸಾಕ್ಷಿ ನುಡಿಯುತ್ತವೆ. ‘ಟೇಬಲ್’ ಬಂದದ್ದು ಹಲಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ಹಣದ ‘ಬ್ಯಾಂಕ್’ ಬಂದದ್ದು ಇಟಲಿಯ ಹಣ ವಿನಿಮಯದ ವ್ಯಾಪಾರಿಗಳು ನಾಣ್ಯ ಹರಡಿಕೊಂಡು ಕೂರುತ್ತಿದ್ದ ಬೆಂಚಿನಿಂದ. ಹೈಕೋರ್ಟಿನ ನ್ಯಾಯಮೂರ್ತಿಗಳನ್ನು ನಾವು ಇವತ್ತಿಗೂ ಪೀಠ ಎಂದೇ ಕರೆಯುತ್ತೇವೆ.

ಕನ್ನಡದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಮಾತಿದೆ, ನಾಮಫಲಕ, ಕರಿಹಲಗೆ, ಮಂಡಳಿ ಎಂದು ಸ್ಪಷ್ಟವಾಗಿ ಬಿಡಿಸಿ ಹೇಳುತ್ತೇವೆ, ಅದೇ ಮೇಲಲ್ಲವೇ ಎನ್ನುವವರೂ ಇದ್ದಾರೆ. ಅನುವಾದ ಮಾಡುವವರಿಗೆ ಆ ಬಿಡಿಸುವಿಕೆ ಬೇಕೇ ಬೇಕು. ಹಡಗಿನಲ್ಲಿರುವವರನ್ನು ಮಂಡಳಿಯ ಸದಸ್ಯರನ್ನಾಗಿ ಮಾಡಿದರೆ ಓದುಗ ದಿಕ್ಕುತಪ್ಪುತ್ತಾನೆ. ಆದರೆ ಮಂಡಳಿ ಎಂಬುದಾದರೂ ಸಭೆಗೆಂದೇ ಹುಟ್ಟಿದ ಮಾತಲ್ಲ. ಮಂಡಲ ಎಂದರೆ ವೃತ್ತ, ಸುತ್ತ ಕೂತವರು ಮಂಡಳಿ. ಇಂಗ್ಲಿಷ್ ನಡುವಿನ ಮೇಜನ್ನು ನೋಡಿತು, ನಾವು ಸುತ್ತಿನ ಜನರನ್ನು ನೋಡಿದೆವು. ಹೊಸ ವಸ್ತುಗಳು ಬಂದಾಗಲೂ ಇದೇ ಬುದ್ಧಿ ಕೆಲಸ ಮಾಡುತ್ತದೆ. ಕುದುರೆಗಳ ಗೊರಸಿನಿಂದ ಸಿಡಿಯುವ ಕೆಸರು ಕೂತವರ ಮೇಲೆ ಬೀಳದಿರಲಿ ಎಂದು ಗಾಡಿಯ ಮುಂದೆ ಕಟ್ಟುತ್ತಿದ್ದ ಹಲಗೆ ಡ್ಯಾಶ್‌ಬೋರ್ಡ್. ಕುದುರೆ ಹೋಯಿತು, ಕೆಸರು ಹೋಯಿತು, ಕಾರಿನಲ್ಲಿ ಆ ಹೆಸರು ಉಳಿಯಿತು, ಈಗ ಕಂಪ್ಯೂಟರಿನ ಪರದೆಯ ಮೇಲೆ ಅಂಕಿಅಂಶ ತೋರಿಸುವ ಪುಟಕ್ಕೂ ಅದೇ ಹೆಸರು. ಕೀಬೋರ್ಡಿಗೆ ಕನ್ನಡ ಬೇಕಾದಾಗ ನಮ್ಮವರು ಫಲಕವನ್ನೂ ಮಂಡಳಿಯನ್ನೂ ಬಿಟ್ಟು ಅಡುಗೆಮನೆಯ ಕಡೆ ನೋಡಿದರು. ಕೀಲಿಮಣೆ ಎಂದರು. ಈಳಿಗೆಮಣೆ, ಲಟ್ಟಣಿಗೆಮಣೆಗಳ ಪಕ್ಕದಲ್ಲಿ ಅದು ಹುಟ್ಟಾ ಕನ್ನಡದ ಹಾಗೆ ಕೂತುಬಿಟ್ಟಿತು. ಇಷ್ಟು ಸೊಗಸಾದ ಹೊಸ ಮಾತುಗಳು ಕನ್ನಡದಲ್ಲಿ ಕಡಿಮೆ ಎಂದೇ ನಾನು ಹೇಳುತ್ತೇನೆ.

ಇಷ್ಟೆಲ್ಲ ತಿಳಿಯದೆಯೇ ಜನ ಬೋರ್ಡ್ ಎಂಬ ಮಾತನ್ನು ದಿನವೂ ತಪ್ಪಿಲ್ಲದೆ ಬಳಸುತ್ತಾರಲ್ಲ ಎಂದರೆ, ಹೌದು, ಬಳಸುತ್ತಾರೆ. ಮಾತಿನ ಇಂದಿನ ಅರ್ಥವನ್ನು ಬಳಸುವವರು ತೀರ್ಮಾನಿಸುತ್ತಾರೆ, ಹಳೆಯ ಮೂಲ ತೀರ್ಮಾನಿಸುವುದಿಲ್ಲ. ವಿದ್ಯುತ್ ಮಂಡಳಿ ಹೋಗಿ 1999ರಲ್ಲಿ ನಿಗಮ ಬಂದರೂ ಕರೆಂಟು ಹೋದರೆ ಎಷ್ಟೋ ಮನೆಗಳಲ್ಲಿ ‘ಕೆಇಬಿಯವರಿಗೆ ಫೋನ್ ಮಾಡು’ ಎಂದೇ ಹೇಳುತ್ತಾರೆ, ಅದರ ಕೊನೆಯ ಅಕ್ಷರ ಬೋರ್ಡ್ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಆದರೆ ಕಲಿಯುವ ಮಗುವಿನ ವಿಷಯ ಬೇರೆ. ಹನ್ನೆರಡು ಅರ್ಥಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹಜಾರದ ಹಲಗೆ, ಹಡಗಿನ ಪಕ್ಕ ಎಂಬ ಎರಡು ಚಿತ್ರಗಳನ್ನು ಕೊಟ್ಟರೆ ಉಳಿದವನ್ನು ಅದೇ ಕೂಡಿಸಿಕೊಳ್ಳುತ್ತದೆ. ಹೊಸದನ್ನು ಸೇರಿಸಲೂಬಹುದು, ಏಕೆಂದರೆ ಈ ಮಾತಿನ ಪಯಣ ನಮ್ಮ ನಾಡಿನಲ್ಲೂ ಮುಂದುವರಿದಿದೆ. ರೇಷ್ಮೆ ಉದ್ಯಮವನ್ನು ನೋಡಿಕೊಳ್ಳಲು 1948ರ ಕಾಯ್ದೆಯ ಪ್ರಕಾರ ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿತು. ಬೆಂಗಳೂರಿನ ಹೊಸೂರು ರಸ್ತೆಯ ಹತ್ತಿರ ಅದರ ಕಚೇರಿ ಇದೆ. ಕಚೇರಿಯ ಹೆಸರು ಪಕ್ಕದ ಕೂಡುರಸ್ತೆಗೆ ಹತ್ತಿತು, ಅಲ್ಲಿಂದ ಬಸ್ ನಿಲ್ದಾಣಕ್ಕೆ, ಸುತ್ತಲಿನ ಜಾಗಕ್ಕೆ ಹಬ್ಬಿತು. ‘ಸಿಲ್ಕ್ ಬೋರ್ಡ್ ಯಾರ್ರೀ, ಮುಂದೆ ಬನ್ನಿ’ ಎಂದು ಕಂಡಕ್ಟರ್ ಕೂಗಿದಾಗ ಇಳಿಯುವವರಿಗೆ ಅದು ಒಂದು ಸ್ಟಾಪಿನ ಹೆಸರು; ಅದರಲ್ಲಿ ರೇಷ್ಮೆಯೂ ಇಲ್ಲ, ಸಭೆಯೂ ಇಲ್ಲ, ಹಲಗೆಯೂ ಇಲ್ಲ.